ಹಾಡುವವರ ಓದು: ಹೊರನಾಡಿನ ಸಂಗೀತ ವಿದ್ಯಾರ್ಥಿಗಳೂ ದಾಸರ ಪದಗಳ ಆಕರಗಳೂ

1

ಸಂಗೀತವು ಗುರುಮುಖೇನ ಬರತಕ್ಕ ವಿದ್ಯೆ ಎಂಬ ಮಾತು ಎಷ್ಟು ನಿಜವೋ, ಕಳೆದ ಸುಮಾರು ನೂರೈವತ್ತು ವರ್ಷಗಳಲ್ಲಿ ಆ ವಿದ್ಯೆ ಅಚ್ಚಾದ ಪುಸ್ತಕವನ್ನೂ ಆಶ್ರಯಿಸಿ ಬೆಳೆದಿದೆ ಎಂಬುದೂ ಅಷ್ಟೇ ನಿಜ. ಗುರುವಿನ ಮನೆಯ ಜಗಲಿಯಲ್ಲಿ ಕುಳಿತು ಕಲಿಯುವ ಶಿಷ್ಯನಿಗೆ ಒಂದು ಬರೆಹದ ಪುಸ್ತಕ ಸಾಕಾಗುತ್ತಿತ್ತು. ಸಂಗೀತವು ವಿಶ್ವವಿದ್ಯಾಲಯದ ಪದವಿಗೆ ವಿಷಯವಾದ ಮೇಲೆ ಈ ಸ್ಥಿತಿ ಬದಲಾಯಿತು. ಮದರಾಸು ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಭಾರತೀಯ ಸಂಗೀತದ ವ್ಯಾಸಂಗಕ್ಕೆ ಎಡೆ ದೊರೆಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಸಂಗೀತ ಮತ್ತು ಲಲಿತಕಲೆಗಳಿಗೆಂದೇ ಒಂದು ನಿಕಾಯ ರೂಪುಗೊಂಡು, ಅಲ್ಲಿ ಹಿಂದುಸ್ತಾನಿ ಸಂಗೀತದೊಡನೆ ಕರ್ನಾಟಕ ಸಂಗೀತವೂ ಪಾಠಕ್ರಮವನ್ನು ಪ್ರವೇಶಿಸಿತು. ಪಾಠಕ್ರಮವೆಂದ ಮೇಲೆ ಪರೀಕ್ಷೆ, ಪರೀಕ್ಷೆಯೆಂದ ಮೇಲೆ ಲಕ್ಷಣಗ್ರಂಥ, ಅದರ ಹಿಂದೆಯೇ ಗ್ರಂಥಾಲಯ. ಹಾಡುವವನು ಓದುವವನೂ ಆಗಬೇಕಾಯಿತು.

ಸಂಗೀತ ವಿದ್ಯಾರ್ಥಿಗಳ ಈ ಓದು ಕನ್ನಡ ಅಧ್ಯಯನದ ಪರಿಧಿಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆ ಸಹಜ. ಕರ್ನಾಟಕ ಸಂಗೀತವನ್ನು ಕಲಿಯಲು ಕೂಡುವ ವಿದ್ಯಾರ್ಥಿಯ ಮನೆಮಾತು ತಮಿಳಾಗಲಿ, ತೆಲುಗಾಗಲಿ, ಹಿಂದಿಯಾಗಲಿ, ಮಾಯಾಮಾಳವಗೌಳದ ಸರಳೆ, ಜಂಟಿ, ಅಲಂಕಾರಗಳನ್ನು ದಾಟಿ ಸಾಹಿತ್ಯವುಳ್ಳ ರಚನೆಗೆ ಬಂದಾಗ ಮೊದಲು ಎದುರಾಗುವವು ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಇವು ಪುರಂದರದಾಸರವೆಂದು ಪರಂಪರೆ ನಂಬಿದೆ. ಮುಂದೆ ಪದವಿಯ ಹಂತದಲ್ಲಿ ದಾಸರ ಪದಗಳು 'ದೇವರನಾಮ' ಎಂಬ ಹೆಸರಿನಲ್ಲಿ ಪಾಠಕ್ಕೆ ಬರುತ್ತವೆ. ಮುಂಬಯಿ, ಪುಣೆಗಳ ಹಿಂದುಸ್ತಾನಿ ವಿದ್ಯಾರ್ಥಿಗಳಾದರೂ ಭೀಮಸೇನ ಜೋಶಿಯವರ 'ದಾಸವಾಣಿ'ಯನ್ನು ಕೇಳಿ ಬೆಳೆದವರು. ಅವರಲ್ಲಿ ಹಲವರು ಭಕ್ತಿಗೀತೆಯ ವಿಭಾಗದಲ್ಲಿ ಒಂದಾದರೂ ಕನ್ನಡ ಪದವನ್ನು ಹಾಡಬಯಸುತ್ತಾರೆ. ಹೀಗೆ ಕನ್ನಡ ಬಾರದವರು ಕನ್ನಡವನ್ನು ಕಂಠಸ್ಥ ಮಾಡಿಕೊಳ್ಳುವ ಸ್ಥಳ ಭಾರತದಲ್ಲಿ ಯಾವುದಾದರೂ ಇದ್ದರೆ ಅದು ಸಂಗೀತ ವಿಭಾಗವೇ. ಕನ್ನಡ ಮನೆತನದ ಮಕ್ಕಳ ಸ್ಥಿತಿಯೂ ಇದಕ್ಕಿಂತ ತೀರ ಭಿನ್ನವಲ್ಲ. ಮಾಟುಂಗದಲ್ಲೋ ಕರೋಲ್‌ಬಾಗಿನಲ್ಲೋ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಅಜ್ಜಿಯೊಡನೆ ಕನ್ನಡ ಮಾತಾಡಲು ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ಇಂಥ ವಿದ್ಯಾರ್ಥಿ ಒಂದು ದೇವರನಾಮದ ಸಾಹಿತ್ಯವನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದಾಗ, ಇಲ್ಲವೆ ಕೈಯಲ್ಲಿನ ದೂರವಾಣಿಯಲ್ಲಿ ಅದನ್ನು ತೆರೆದಾಗ, ಅವಳ ಕೈಗೆ ಬರುವುದು ಏನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಸಂಗೀತ ವಿದ್ಯಾರ್ಥಿಯ ಓದು ಸಾಹಿತ್ಯ ಅಥವಾ ಇತಿಹಾಸದ ವಿದ್ಯಾರ್ಥಿಯ ಓದಿನಂಥದಲ್ಲ. ಆತ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಅಪರೂಪ. ಒಂದು ರಚನೆಯನ್ನೋ, ಒಂದು ರಾಗದ ಲಕ್ಷಣವನ್ನೋ ಅರಸಿ ಬಂದು, ಅದನ್ನು ಮಾತ್ರ ತೆಗೆದುಕೊಂಡು ಹೋಗುತ್ತಾನೆ. ಪ್ರಾಯೋಗಿಕ ಪರೀಕ್ಷೆಗೆ ಬೇಕಾದುದು ಸ್ವರಲಿಪಿ ಸಹಿತವಾದ ರಚನೆ. ಲಿಖಿತ ಪರೀಕ್ಷೆಗೆ ಬೇಕಾದುದು ಶಾಸ್ತ್ರ. ಎರಡನೆಯದಕ್ಕೆ ಪಿ. ಸಾಂಬಮೂರ್ತಿಯವರ ದಕ್ಷಿಣ ಭಾರತೀಯ ಸಂಗೀತದ ಆರು ಸಂಪುಟಗಳಂಥ ಪಠ್ಯಗಳಿವೆ, ಕನ್ನಡದಲ್ಲಿ ರಾಳ್ಳಪಲ್ಲಿ ಅನಂತಕೃಷ್ಣಶರ್ಮರ 'ಗಾನಕಲೆ', ಮೈಸೂರು ವಾಸುದೇವಾಚಾರ್ಯರ 'ನಾ ಕಂಡ ಕಲಾವಿದರು' ಇವುಗಳಂಥ ಸೊಗಸಾದ ಗ್ರಂಥಗಳಿವೆ. ಅವುಗಳ ಬಳಕೆಯಲ್ಲಿ ತೊಡಕು ಹೆಚ್ಚಿಲ್ಲ. ತೊಡಕಿರುವುದು ಮೊದಲನೆಯದರಲ್ಲಿ.

ರಚನೆಯನ್ನು ಕಲಿಯುವವನಿಗೆ ಮೂರು ಆಕರಗಳು ಒಟ್ಟಿಗೆ ಬೇಕು: ಸಾಹಿತ್ಯ, ಸ್ವರಲಿಪಿ, ಧ್ವನಿ. ಕೃತಿಗಳ ವಿಷಯದಲ್ಲಿ ಈ ಮೂರೂ ಬಹುಮಟ್ಟಿಗೆ ಕೂಡಿ ಬರುತ್ತವೆ. ಸುಬ್ಬರಾಮ ದೀಕ್ಷಿತರು ತೆಲುಗು ಲಿಪಿಯಲ್ಲಿ 1904ರಲ್ಲಿ ಹೊರತಂದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಸಾಹಿತ್ಯವೂ ಸ್ವರವೂ ಗಮಕದ ಚಿಹ್ನೆಗಳೂ ಒಂದೇ ಪುಟದಲ್ಲಿವೆ. ದಾಸರ ಪದಗಳ ಚರಿತ್ರೆ ಬೇರೆ. ಅವು ಮೊದಲಿಗೆ ಅಚ್ಚಾದುದು ಸಂಗೀತಗಾರರಿಗಾಗಿ ಅಲ್ಲ. ಜರ್ಮನಿಯಿಂದ ಬಂದ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 1850ರ ವೇಳೆಗೆ ದಾಸರ ಪದಗಳನ್ನು ಸಂಗ್ರಹಿಸಿ ಮುದ್ರಿಸಿದಾಗ ಅವನ ಗಮನವಿದ್ದುದು ಭಾಷೆ ಮತ್ತು ಜನರ ನಂಬಿಕೆಗಳ ಮೇಲೆ. ಆಮೇಲೆ ಉಡುಪಿಯ ಪಾವಂಜೆ ಗುರುರಾಯರು, ಬೆಂಗಳೂರಿನ ಸುಬೋಧ ರಾಮರಾಯರು ಮುಂತಾದವರು ಭಕ್ತರಿಗಾಗಿ ಮುದ್ರಿಸಿದರು. ಬೆಟಗೇರಿ ಕೃಷ್ಣಶರ್ಮ ಮತ್ತು ಬೆಂಗೇರಿ ಹುಚ್ಚೂರಾಯರ ಸಂಪುಟಗಳಲ್ಲಿ ಸಂಪಾದನೆಯ ಶಿಸ್ತು ಕಾಣಿಸಿತು. ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ದಾಸಸಾಹಿತ್ಯ ಸಂಪುಟಗಳು ಅನಂತರದವು. ಇವೆಲ್ಲವೂ ಸಾಹಿತ್ಯದ ಆವೃತ್ತಿಗಳು. ಪದದ ನೆತ್ತಿಯ ಮೇಲೆ ರಾಗ, ತಾಳಗಳ ಹೆಸರು ಇರುತ್ತದೆಯೇ ಹೊರತು ಸ್ವರವಿಲ್ಲ. ಆ ರಾಗದ ಹೆಸರೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದುಂಟು. ದಾಸರು ಹಾಡಿದ ಮೂಲ ಮಟ್ಟುಗಳು ಬಹುಪಾಲು ಉಳಿದು ಬಂದಿಲ್ಲ, ಇಂದು ಕೇಳಿಬರುವ ಧಾಟಿಗಳು ಹೆಚ್ಚಿನವು ಇತ್ತೀಚಿನವರು ಕೂಡಿಸಿದವು ಎಂಬುದನ್ನು ಇಲ್ಲಿ ನೆನೆಯಬೇಕು. ಲಕ್ಷ್ಮಿಯನ್ನು ಕರೆಯುವ ಪುರಂದರದಾಸರ ಪ್ರಸಿದ್ಧ ಪದವನ್ನು ಶ್ರೀರಾಗದಲ್ಲಿ ಹಾಡುವ ಪಾಠವೂ ಮಧ್ಯಮಾವತಿಯಲ್ಲಿ ಹಾಡುವ ಪಾಠವೂ ಇವೆ. ಭೀಮಸೇನ ಜೋಶಿಯವರ ಧಾಟಿ ಇನ್ನೊಂದು.

ಸ್ವರಲಿಪಿಯುಳ್ಳ ಪುಸ್ತಕಗಳು ಬೇರೆಯೇ ಪರಂಪರೆಯವು. ಅವುಗಳನ್ನು ಸಿದ್ಧಪಡಿಸಿದವರು ಸಂಗೀತದ ಅಧ್ಯಾಪಕರು, ಪ್ರಕಟವಾದ ಸ್ಥಳ ಅನೇಕ ವೇಳೆ ಮದರಾಸು, ಲಿಪಿ ತಮಿಳು. ಸಾಹಿತ್ಯ ಶುದ್ಧವಾಗಿರುವ ಪುಸ್ತಕದಲ್ಲಿ ಸ್ವರವಿಲ್ಲ. ಸ್ವರವಿರುವ ಪುಸ್ತಕದಲ್ಲಿ ಸಾಹಿತ್ಯ ಶುದ್ಧವಾಗಿರುವ ಭರವಸೆಯಿಲ್ಲ. ವಿದ್ಯಾರ್ಥಿ ಎತ್ತಿಕೊಳ್ಳುವುದು ಎರಡನೆಯದನ್ನು.

3

ಲಿಪಿಯ ಪ್ರಶ್ನೆ ಇಲ್ಲಿಯೇ ಬರುತ್ತದೆ. ಇದನ್ನು ಕೊಂಚ ವಿವರವಾಗಿ ನೋಡಬೇಕಾಗಿದೆ.

ತಮಿಳು ಲಿಪಿಯಲ್ಲಿ ವರ್ಗದ ನಾಲ್ಕು ವ್ಯಂಜನಗಳಿಗೆ ಒಂದೇ ಅಕ್ಷರ. ಕನ್ನಡದ ಕುರಿಯೂ ಗುರಿಯೂ ಅಲ್ಲಿ ಒಂದೇ ರೀತಿ ಬರೆಯಲ್ಪಡುತ್ತವೆ. ಬಲ, ಫಲಗಳೂ ಹಾಗೆಯೇ. ದನಕ್ಕೂ ಧನಕ್ಕೂ ಭೇದವಿಲ್ಲ. ದಾಸರ ಪದಗಳಲ್ಲಿ ಧನದ ವಿಷಯ ಎಷ್ಟು ಸಲ ಬರುತ್ತದೆಂಬುದನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯೆನಿಸಲಾರದು. ಮದರಾಸಿನ ಸಂಗೀತ ಪುಸ್ತಕಗಳು ಇದಕ್ಕೊಂದು ಜಾಣ ಪರಿಹಾರವನ್ನು ಕಂಡುಕೊಂಡಿವೆ. ಅಕ್ಷರದ ಪಕ್ಕದಲ್ಲಿ 2, 3, 4 ಎಂದು ಸಣ್ಣ ಅಂಕಿಗಳನ್ನು ಮುದ್ರಿಸಿ ಮಹಾಪ್ರಾಣ, ಘೋಷಗಳನ್ನು ಸೂಚಿಸುತ್ತವೆ. ಮೂರನೆಯ ಅಂಕಿಯುಳ್ಳ ಕಕಾರ ಗಕಾರವಾಗುತ್ತದೆ. ತ್ಯಾಗರಾಜರ ತೆಲುಗು ಕೃತಿಗಳಿಗೂ ದೀಕ್ಷಿತರ ಸಂಸ್ಕೃತ ಕೃತಿಗಳಿಗೂ ಬಳಕೆಯಾದ ಈ ಕ್ರಮ ದಾಸರ ಪದಗಳಿಗೂ ವಿಸ್ತರಿಸಿತು. ಅಂಕಿಗಳನ್ನು ನಿಷ್ಠೆಯಿಂದ ಹಾಕಿರುವ ಪುಸ್ತಕದಲ್ಲಿ ಪಾಠ ಉಳಿದುಕೊಳ್ಳುತ್ತದೆ. ಆದರೆ ಅದೇ ಪುಟವನ್ನು ವಿದ್ಯಾರ್ಥಿ ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುವಾಗ ಅಂಕಿಗಳನ್ನು ಬಿಡುತ್ತಾನೆ. ಒಮ್ಮೆ ಗುರುವಿನ ಬಾಯಿಂದ ಕೇಳಿದವನಿಗೆ ಅಂಕಿ ಅನಾವಶ್ಯಕವೆನಿಸುವುದು ಸಹಜ. ಆ ಪುಸ್ತಕವನ್ನು ನೋಡಿ ಬರೆದುಕೊಳ್ಳುವ ಮೂರನೆಯವನಿಗೆ ಗುರುವೂ ಇಲ್ಲ, ಅಂಕಿಯೂ ಇಲ್ಲ.

ಮುಂಬಯಿ, ಪುಣೆ, ದೆಹಲಿಗಳಲ್ಲಿ ಸಾಹಿತ್ಯವನ್ನು ದೇವನಾಗರಿಗೆ ಇಳಿಸಿಕೊಳ್ಳುವ ರೂಢಿಯಿದೆ. ದೇವನಾಗರಿಗೆ ಮಹಾಪ್ರಾಣ ಘೋಷಗಳ ಕೊರತೆಯಿಲ್ಲ. ಅದು ಸೋಲುವುದು ಸ್ವರಗಳಲ್ಲಿ. ಹ್ರಸ್ವ ಎಕಾರ, ಒಕಾರಗಳಿಗೆ ಸಾಮಾನ್ಯ ಬಳಕೆಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. ಹಾಗಾಗಿ ಒಲೆ ಓಲೆಯಾಗುತ್ತದೆ, ಬೆಳೆ ಬೇಳೆಯಾಗುತ್ತದೆ, ಕೊಡು ಎಂಬ ಬೇಡಿಕೆ ಕೋಡು ಆಗಿ ಮೊಳೆಯುತ್ತದೆ. ವಿಶೇಷ ಚಿಹ್ನೆಗಳನ್ನು ವಿದ್ವಾಂಸರು ಕಲ್ಪಿಸಿಕೊಂಡಿದ್ದರೂ ಹಾಡುವ ವಿದ್ಯಾರ್ಥಿಗೆ ಅವು ಗೊತ್ತಿರುವುದಿಲ್ಲ. ಇನ್ನೊಂದು ಹಾನಿ ಇದಕ್ಕಿಂತ ಸೂಕ್ಷ್ಮವಾದುದು. ಮರಾಠಿ, ಹಿಂದಿಗಳ ಉಚ್ಚಾರಣೆಯಲ್ಲಿ ಪದಾಂತ್ಯದ ಅಕಾರ ಲೋಪವಾಗುತ್ತದೆ. ಕನ್ನಡದಲ್ಲಿ ಅದು ಪೂರ್ಣವಾಗಿ ನಿಲ್ಲುತ್ತದೆ. 'ಪದ' ಎಂಬುದು 'ಪದ್' ಆದಾಗ ಅರ್ಥ ಕೆಡುವುದಿಲ್ಲವಾದರೂ ತಾಳದ ಲೆಕ್ಕದಲ್ಲಿ ಒಂದು ಅಕ್ಷರ ಕಡಿಮೆಯಾಗುತ್ತದೆ. ಆ ಬಿರುಕನ್ನು ಮುಚ್ಚಲು ಹಾಡುವವನು ಹಿಂದಿನ ಸ್ವರವನ್ನು ಎಳೆಯುತ್ತಾನೆ. ಎಳೆದಾಗ ಹ್ರಸ್ವ ದೀರ್ಘವಾಗುತ್ತದೆ. ಹೀಗೆ ಒಂದು ದೋಷ ಮತ್ತೊಂದನ್ನು ಕರೆತರುತ್ತದೆ.

ಹೈದರಾಬಾದಿನ ವಿದ್ಯಾರ್ಥಿ ಈ ಮಟ್ಟಿಗೆ ಭಾಗ್ಯಶಾಲಿ. ತೆಲುಗು, ಕನ್ನಡ ಲಿಪಿಗಳ ನೆಂಟಸ್ತಿಕೆ ನಿಕಟವಾದುದರಿಂದ ಒಂದು ವಾರದ ಅಭ್ಯಾಸದಲ್ಲಿ ಕನ್ನಡ ಪುಸ್ತಕವನ್ನೇ ನೇರವಾಗಿ ಓದಬಲ್ಲ.

ರೋಮನ್ ಲಿಪಿಯ ಮಾತು ಬೇರೆ. ಅಂತರ್ಜಾಲದ ಸಾಹಿತ್ಯ ಸಂಗ್ರಹಗಳಲ್ಲಿ ಬಹಳಷ್ಟು ಈ ಲಿಪಿಯಲ್ಲಿವೆ. ಚಿಹ್ನೆಗಳಿಲ್ಲದ ಬರಿಯ ರೋಮನ್ ಅಕ್ಷರಗಳಲ್ಲಿ ಬರೆದ ಒಂದು ನಾಲ್ಕಕ್ಷರದ ಪದವನ್ನು ಕಲ, ಕಳ, ಕಾಲ, ಕಾಳ, ಕಲಾ, ಕಳಾ ಎಂದು ಆರು ಬಗೆಯಲ್ಲಿ ಓದಬಹುದು. ಹೊಳೆ ಮತ್ತು ಹೊಲೆ ಒಂದೇ ಆಗುತ್ತವೆ. ಗಂಗೆಯ ಮಹಿಮೆಯನ್ನು ಹೇಳುವ ಸಾಲಿನಲ್ಲಿ ಹೊಳೆಯನ್ನು ಹೊಲೆ ಮಾಡಿದರೆ ಕನ್ನಡ ಬಲ್ಲ ಶ್ರೋತೃವಿಗೆ ಆಗುವ ಕಸಿವಿಸಿಯನ್ನು ವಿವರಿಸಬೇಕಾಗಿಲ್ಲ. ವೇದಿಕೆಯ ಮೇಲಿರುವವರಿಗೆ ಮಾತ್ರ ಅದು ತಿಳಿಯದು. ಚಪ್ಪಾಳೆ ಎಂದಿನಂತೆಯೇ ಬೀಳುತ್ತದೆ.

ಇಂಥ ಪಾಠವನ್ನು ತಿದ್ದಿಕೊಳ್ಳಲು ಕನ್ನಡ ಛಂದಸ್ಸೇ ಒಂದು ಸಾಧನವನ್ನು ಒದಗಿಸಿದೆ. ಅದೇ ಆದಿಪ್ರಾಸ. ಪಲ್ಲವಿ, ಅನುಪಲ್ಲವಿ, ಚರಣಗಳ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು ಪದಗಳ ಸಾಮಾನ್ಯ ಲಕ್ಷಣ. ಮೂರು ಸಾಲುಗಳಲ್ಲಿ ಳಕಾರವಿದ್ದು ನಾಲ್ಕನೆಯದರಲ್ಲಿ ಲಕಾರ ಕಂಡರೆ ಆ ನಾಲ್ಕನೆಯದನ್ನು ಅನುಮಾನಿಸಬೇಕು. ಮೊದಲಕ್ಷರದ ಗುರುಲಘುವೂ ಇದೇ ರೀತಿ ಸಾಕ್ಷಿ ನುಡಿಯುತ್ತದೆ. ಒಲೆ ಓಲೆಯಾದಾಗ ಪ್ರಾಸಕ್ಕೆ ಮುಂಚಿನ ಲಘು ಗುರುವಾಗಿ, ಉಳಿದ ಸಾಲುಗಳೊಡನೆ ಹೊಂದದೆ ನಿಲ್ಲುತ್ತದೆ. ಕನ್ನಡ ಅಧ್ಯಾಪಕನೊಬ್ಬ ಹತ್ತು ನಿಮಿಷಗಳಲ್ಲಿ ಹೇಳಿಕೊಡಬಹುದಾದ ಈ ಸೂತ್ರ ಸಂಗೀತದ ಪಠ್ಯಕ್ರಮಗಳಲ್ಲಿ ಕೃತಿಗಳ 'ದ್ವಿತೀಯಾಕ್ಷರ ಪ್ರಾಸ' ಎಂಬ ಹೆಸರಿನಲ್ಲಿ ಇದ್ದೇ ಇದೆ. ವಿದ್ಯಾರ್ಥಿ ಅದರ ಲಕ್ಷಣವನ್ನು ಪರೀಕ್ಷೆಯಲ್ಲಿ ಬರೆಯುತ್ತಾನೆ. ತಾನು ಹಾಡುತ್ತಿರುವ ಪಾಠವನ್ನು ಅದರಿಂದ ಒರೆಗೆ ಹಚ್ಚಬಹುದೆಂದು ಅವನಿಗೆ ಯಾರೂ ಹೇಳಿಲ್ಲ.

4

ಗ್ರಂಥಾಲಯದ ಕಪಾಟುಗಳ ಕಡೆಗೆ ತಿರುಗಿದರೆ ಇನ್ನೊಂದು ವಿಚಿತ್ರ ಎದುರಾಗುತ್ತದೆ. ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ನೇಮಕಗೊಂಡರು. ಓದುಗನ ಸಮಯವನ್ನು ಉಳಿಸಬೇಕೆಂಬುದು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲೊಂದು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಬಂದಿತು. ಆದರೂ ದೇಶದ ಬಹುಪಾಲು ವಿಶ್ವವಿದ್ಯಾಲಯಗಳು ಡ್ಯೂಯಿ ದಶಾಂಶ ಪದ್ಧತಿಯನ್ನು ಅನುಸರಿಸುತ್ತವೆ. ಅದರ ಪ್ರಕಾರ ಸಂಗೀತಕ್ಕೆ 780. ಕನ್ನಡ ಸಾಹಿತ್ಯಕ್ಕೆ 894.814, ಹಿಂದೂ ಧರ್ಮಕ್ಕೆ 294.5. ಪುರಂದರದಾಸರ ಪದಗಳು ಸ್ವರಲಿಪಿ ಸಹಿತವಾಗಿದ್ದರೆ ಮೊದಲನೆಯ ಕಪಾಟಿಗೆ, ಬರಿಯ ಸಾಹಿತ್ಯವಾಗಿದ್ದರೆ ಎರಡನೆಯದಕ್ಕೆ, ವಿಂಗಡಿಸಿದವರಿಗೆ ಭಕ್ತಿಯೇ ಮುಖ್ಯವೆಂದು ತೋರಿದ್ದರೆ ಮೂರನೆಯದಕ್ಕೆ ಹೋಗುತ್ತವೆ. ಒಬ್ಬ ವಾಗ್ಗೇಯಕಾರ ಮೂರು ಮಹಡಿಗಳಲ್ಲಿ ಹಂಚಿಹೋಗುತ್ತಾನೆ. ಸಂಗೀತ ವಿದ್ಯಾರ್ಥಿ 780ನ್ನು ಬಿಟ್ಟು ಕದಲುವುದು ಕಡಿಮೆ, ಕನ್ನಡ ವಿದ್ಯಾರ್ಥಿ ಅತ್ತ ಸುಳಿಯುವುದು ಇನ್ನೂ ಕಡಿಮೆ.

ಶಾಸ್ತ್ರಗ್ರಂಥಗಳ ಪಾಡೂ ಇದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಹನ್ನೆರಡನೆಯ ಶತಮಾನದ ಗೇಯ ಪ್ರಬಂಧಗಳ ಅಮೂಲ್ಯ ವಿವರಗಳಿವೆ. ಬಡೋದೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಅಚ್ಚಾಗಿರುವ ಅದು ಸಂಸ್ಕೃತ ವಿಭಾಗದಲ್ಲಿರುತ್ತದೆ. 'ಸಂಗೀತರತ್ನಾಕರ'ಕ್ಕೆ ವಿಜಯನಗರದ ಕಲ್ಲಿನಾಥ ಬರೆದ 'ಕಲಾನಿಧಿ' ಟೀಕೆಯನ್ನು ಅಡಯಾರು ಗ್ರಂಥಾಲಯದ ಆವೃತ್ತಿಯಲ್ಲಿ ಓದಬಹುದು. ಕನ್ನಡ ನಾಡಿನ ಸಂಗೀತ ಚರಿತ್ರೆಗೆ ಅತ್ಯವಶ್ಯಕವಾದ ಈ ಎರಡು ಗ್ರಂಥಗಳು ಕನ್ನಡದ ಕಪಾಟಿನಲ್ಲಂತೂ ಇರುವುದಿಲ್ಲ.

ಸ್ವರಲಿಪಿಯನ್ನು ಓದುವುದೂ ಒಂದು ವಿದ್ಯೆಯೇ. ಪುಣೆ, ಮುಂಬಯಿಗಳಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಯ ಮುಂದೆ ಭಾತಖಂಡೆಯವರ ಪದ್ಧತಿ ಒಂದು, ವಿಷ್ಣು ದಿಗಂಬರ ಪಲುಸ್ಕರರ ಪದ್ಧತಿ ಇನ್ನೊಂದು. ಭಾತಖಂಡೆಯವರ 'ಕ್ರಮಿಕ ಪುಸ್ತಕ ಮಾಲಿಕೆ'ಯ ಆರು ಭಾಗಗಳಲ್ಲಿ ಸ್ವರದ ಮೇಲೆ ಚುಕ್ಕೆಯಿದ್ದರೆ ತಾರ, ಕೆಳಗಿದ್ದರೆ ಮಂದ್ರ. ಪಲುಸ್ಕರ ಪದ್ಧತಿಯಲ್ಲಿ ಮೇಲಿನ ಚುಕ್ಕೆಯೇ ಮಂದ್ರ, ತಾರಕ್ಕೆ ನಿಲುಗೆರೆ. ಒಂದು ಚುಕ್ಕೆಯನ್ನು ತಪ್ಪಾಗಿ ಓದಿದರೆ ಎರಡು ಸಪ್ತಕಗಳ ಅಂತರ! ಪುಸ್ತಕದ ಆರಂಭದಲ್ಲಿ ಚಿಹ್ನೆಗಳ ವಿವರಣೆ ಇದ್ದೇ ಇರುತ್ತದೆ. ಇಡೀ ಪುಸ್ತಕ ಕೈಯಲ್ಲಿದ್ದವನು ಹಿಂದಕ್ಕೆ ಮಗುಚಿ ನೋಡುತ್ತಾನೆ. ತನಗೆ ಬೇಕಾದ ಒಂದೇ ಪುಟದ ಛಾಯಾಚಿತ್ರವನ್ನು ತೆಗೆದುಕೊಂಡು ಹೋದವನಿಗೆ ಆ ವಿವರಣೆಯ ಪುಟ ಇರುವುದಿಲ್ಲ. ಇಂದಿನ ವಿದ್ಯಾರ್ಥಿಗಳು ಗ್ರಂಥಾಲಯವನ್ನು ಬಳಸುವ ರೀತಿ ಬಹುಮಟ್ಟಿಗೆ ಇದೇ ಆಗಿರುವುದರಿಂದ, ಸ್ವರಲಿಪಿಯ ಪುಸ್ತಕಗಳನ್ನು ಮರುಮುದ್ರಿಸುವವರು ಪ್ರತಿ ಪುಟದ ಅಡಿಯಲ್ಲಿ ಚಿಹ್ನೆಗಳ ಒಂದು ಸಾಲನ್ನು ಕೊಡುವುದು ಲೇಸು.

5

ಅಂಕೀಯ ಆಕರಗಳು ಹೊರನಾಡಿನ ವಿದ್ಯಾರ್ಥಿಗೆ ಮಾಡಿರುವ ಉಪಕಾರವನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ಧಾರವಾಡದಲ್ಲೋ ಉಡುಪಿಯಲ್ಲೋ ಅಚ್ಚಾಗಿ ಮುಗಿದುಹೋದ ಪುಸ್ತಕ ದೆಹಲಿಯಲ್ಲಿ ಸಿಗುವ ಸಂಭವವೇ ಹಿಂದೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆದ ಭಾರತೀಯ ಅಂಕೀಯ ಗ್ರಂಥಾಲಯದ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳು ಚಿತ್ರರೂಪದಲ್ಲಿ ಸೇರಿದವು. ಆ ತಾಣ ನಿಂತ ಮೇಲೂ ಅದರ ಬಹುಭಾಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿದೆ. ಖರಗಪುರದ ತಾಂತ್ರಿಕ ಸಂಸ್ಥೆ ನಡೆಸುವ ರಾಷ್ಟ್ರೀಯ ಅಂಕೀಯ ಗ್ರಂಥಾಲಯ 2018ರಲ್ಲಿ ಲೋಕಾರ್ಪಣೆಗೊಂಡಿತು. ಮದರಾಸು ಸಂಗೀತ ಅಕಾಡೆಮಿ 1930ರಿಂದ ಹೊರತಂದ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಮನೆಯಲ್ಲಿ ಕುಳಿತೇ ಓದಬಹುದು. 2009ರ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಾವಳಿಯ ಅನಂತರ ಪಿಎಚ್.ಡಿ. ಪ್ರಬಂಧಗಳು 'ಶೋಧಗಂಗಾ'ದಲ್ಲಿ ಸೇರುತ್ತಿವೆ. 2020ರ ಮಾರ್ಚಿಯಿಂದ ತಿಂಗಳುಗಟ್ಟಲೆ ಗ್ರಂಥಾಲಯಗಳು ಮುಚ್ಚಿದ್ದಾಗ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗಳನ್ನು ಕಾಪಾಡಿದವು ಇವೇ.

ಆದರೆ ಇರುವುದು ಬೇರೆ, ಸಿಗುವುದು ಬೇರೆ. ಚಿತ್ರರೂಪದ ಪುಟದಲ್ಲಿ ಯಂತ್ರವು ಪದವನ್ನು ಹುಡುಕಲಾರದು. ಹುಡುಕಬೇಕಾದುದು ಪುಸ್ತಕದ ಹೆಸರನ್ನು, ಆ ಹೆಸರನ್ನು ರೋಮನ್ ಲಿಪಿಯಲ್ಲಿ ದಾಖಲಿಸಿದವರು ತಮಗೆ ತೋಚಿದಂತೆ ಬರೆದಿದ್ದಾರೆ. ಪುರಂದರದಾಸರ ಅಂಕಿತವನ್ನೇ ತೆಗೆದುಕೊಳ್ಳಬಹುದು. ಕನ್ನಡದಲ್ಲಿಯೇ ವಿಠಲ, ವಿಠ್ಠಲ, ವಿಟ್ಠಲ ಎಂಬ ಮೂರು ಬರಹಗಳಿವೆ. ರೋಮನ್‌ನಲ್ಲಿ ಟಕಾರ ಒಂದೋ ಎರಡೋ, ಹಕಾರ ಉಂಟೋ ಇಲ್ಲವೋ ಎಂಬುದನ್ನು ಅನುಸರಿಸಿ ಅದು ಇನ್ನಷ್ಟು ಕವಲೊಡೆಯುತ್ತದೆ. ಒಂದು ರೂಪವನ್ನು ಕೊಟ್ಟು ಹುಡುಕಿದವನಿಗೆ ಇನ್ನೊಂದು ರೂಪದಲ್ಲಿ ದಾಖಲಾದ ಪುಸ್ತಕ ಕಾಣುವುದಿಲ್ಲ. ಆತ ಪುಸ್ತಕವೇ ಇಲ್ಲವೆಂದು ತಿಳಿದು ಹಿಂದಿರುಗುತ್ತಾನೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೇರೆ ಸಂಕೇತಕ್ರಮದ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕನ್ನಡ ಕಡತಗಳದು ಮತ್ತೊಂದು ಬಗೆಯ ಕಷ್ಟ. ಅವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಹಳೆಯ ಮೊಳೆಯಚ್ಚಿನ ಒತ್ತಕ್ಷರಗಳ ಮುಂದೆ ಅವು ಇನ್ನೂ ಎಡವುತ್ತವೆ. ವಚನ ಸಾಹಿತ್ಯಕ್ಕೆ 'ವಚನ ಸಂಚಯ'ದಂಥ ಶಬ್ದಶೋಧದ ತಾಣ ದೊರೆತಿರುವುದು ಸಂತೋಷದ ಸಂಗತಿ. ಮಲ್ಲಿಕಾರ್ಜುನ ಮನ್ಸೂರರ ಧಾಟಿಯಲ್ಲಿ ವಚನವನ್ನು ಹಾಡಬಯಸುವ ವಿದ್ಯಾರ್ಥಿ ಒಂದು ಪದವನ್ನು ಕೊಟ್ಟು ಇಡೀ ವಚನದ ಪಾಠವನ್ನು ನೋಡಿಕೊಳ್ಳಬಹುದು.

ಸಾಹಿತ್ಯವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುವ ಸೌಲಭ್ಯ ತಪ್ಪುಗಳಿಗೂ ಸೌಲಭ್ಯವಾಗಿದೆ. ಕೈಬರಹದ ಕಾಲದಲ್ಲಿ ಹತ್ತು ಲಿಪಿಕಾರರು ಹತ್ತು ಬಗೆಯ ತಪ್ಪು ಮಾಡುತ್ತಿದ್ದರು. ಹಸ್ತಪ್ರತಿಗಳನ್ನು ಹೋಲಿಸಿ ಸಂಪಾದಕ ಶುದ್ಧಪಾಠವನ್ನು ಊಹಿಸಬಹುದಾಗಿತ್ತು. ಈಗ ಒಂದೇ ತಪ್ಪು ನೂರು ಕಡೆ ಅಕ್ಷರಶಃ ಕಾಣಿಸಿಕೊಳ್ಳುತ್ತದೆ, ಮತ್ತು ನೂರು ಕಡೆ ಇರುವುದರಿಂದಲೇ ಅದು ಸರಿಯೆಂಬ ಭ್ರಮೆ ಹುಟ್ಟುತ್ತದೆ. ಗ್ರಂಥಸಂಪಾದನಾಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅವೆಲ್ಲವೂ ಒಂದೇ ಪ್ರತಿ. ಕರ್ತೃತ್ವದ ವಿಷಯದಲ್ಲಿಯೂ ಹೀಗೆಯೇ. ಬಾಲಸರಸ್ವತಿಯವರ ಅಭಿನಯದಿಂದ ಪ್ರಸಿದ್ಧವಾದ, ಯಮುನಾಕಲ್ಯಾಣಿಯ 'ಕೃಷ್ಣಾ ನೀ ಬೇಗನೆ' ಪದವನ್ನು ವ್ಯಾಸರಾಯರದೆಂದು ಪರಂಪರೆ ಹೇಳುತ್ತದೆ. ಪುರಂದರದಾಸರ ಹೆಸರಿನಲ್ಲಿಯೂ ಅದು ಪಟ್ಟಿಗಳಲ್ಲಿ ಸೇರಿಹೋಗಿರುವುದುಂಟು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳು ಬೇರೆ ಬೇರೆ ದಾಸರವೆಂದು ತಿಳಿಯದವರಿಗೆ ವಿಠಲನೆಂದರೆ ಪುರಂದರವಿಠಲನೇ.

6

ಇನ್ನು ಧ್ವನಿಯ ಮಾತು. ಸಂಗೀತ ವಿದ್ಯಾರ್ಥಿಗೆ ಧ್ವನಿಮುದ್ರಣವೇ ಮೊದಲ ಗ್ರಂಥ ಎನ್ನಬೇಕಾಗುತ್ತದೆ. ಭಾರತದಲ್ಲಿ 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಲ್ಲಿಂದ ಮೊದಲಾದ ಧ್ವನಿಮುದ್ರಿಕೆಗಳ ಯುಗ ದಾಸರ ಪದಗಳಿಗೆ ಅಖಿಲ ಭಾರತ ಪ್ರಚಾರ ತಂದಿತು. ಬಿ. ಎಸ್. ರಾಜಯ್ಯಂಗಾರ್ಯರು ಹಾಡಿದ ಪದಗಳೂ ಎಂ. ಎಲ್. ವಸಂತಕುಮಾರಿಯವರು ಕಚೇರಿಗಳಲ್ಲಿ ಹಾಡಿದ ಪದಗಳೂ ಇಂದಿಗೂ ವಿದ್ಯಾರ್ಥಿಗಳಿಗೆ ಮಾದರಿ. 78 ವೇಗದ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಐದೋ ಏಳೋ ಚರಣಗಳಿರುವ ಪದದಲ್ಲಿ ಎರಡು, ಹೆಚ್ಚೆಂದರೆ ಮೂರು ಚರಣಗಳಿಗೆ ಎಡೆ. ತಟ್ಟೆಯ ಉದ್ದಕ್ಕೆ ಕತ್ತರಿಸಿದ ಈ ಪಾಠವೇ ಪೂರ್ಣ ಪಾಠವೆಂಬ ತಿಳಿವಳಿಕೆ ಬೆಳೆದು, ಸ್ವರಲಿಪಿಯ ಪುಸ್ತಕಗಳಿಗೂ ಇಳಿಯಿತು. ಕಾಲಮಿತಿಯ ಕಟ್ಟು ಈಗ ಇಲ್ಲವಾದರೂ ಬಿಟ್ಟುಹೋದ ಚರಣಗಳು ಹಿಂದಿರುಗಿ ಬಂದಿಲ್ಲ. ಅವು ಸಾಹಿತ್ಯದ ಸಂಪುಟಗಳಲ್ಲಿ, ಅಂದರೆ ಎರಡನೆಯ ಮಹಡಿಯ ಕಪಾಟಿನಲ್ಲಿ, ಮುಚ್ಚಿಕೊಂಡು ಕುಳಿತಿವೆ. ಹೀಗೆ ತಪ್ಪಿಹೋದ ಚರಣಗಳಲ್ಲಿಯೇ ಎಷ್ಟೋ ವೇಳೆ ದಾಸರ ಲೋಕವಿಮರ್ಶೆಯ ಮೊನೆ ಇರುತ್ತದೆ ಎಂಬುದನ್ನು ಕನ್ನಡದ ಓದುಗರು ಬಲ್ಲರು.

ಧ್ವನಿಯನ್ನು ಗ್ರಂಥದಷ್ಟೇ ಎಚ್ಚರದಿಂದ ಸಂಗ್ರಹಿಸುವ ಸಂಸ್ಥೆಗಳು ಹೊರನಾಡಿನಲ್ಲಿಯೇ ಇವೆ. ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿಯ ಸಂಗ್ರಹವಿದೆ. 1982ರಲ್ಲಿ ಸ್ಥಾಪಿತವಾದ ಜನಾಂಗೀಯ ಸಂಗೀತದ ಸಂಶೋಧನ ಕೇಂದ್ರ ಈಗ ಗುರುಗ್ರಾಮದಲ್ಲಿದೆ. ಮುಂಬಯಿಯಲ್ಲಿ 1990ರಿಂದ ಹಳೆಯ ಧ್ವನಿಮುದ್ರಿಕೆಗಳ ಸಂಗ್ರಾಹಕರ ಸಂಘವೊಂದು ಕೆಲಸಮಾಡಿದೆ. ಇಲ್ಲಿ ಪ್ರತಿ ಮುದ್ರಣಕ್ಕೂ ಹಾಡಿದವರು, ಸ್ಥಳ, ದಿನಾಂಕಗಳ ದಾಖಲೆ ಇಡುವ ಶಿಸ್ತಿದೆ. ಯೂಟ್ಯೂಬಿನಲ್ಲಿ ಕೇಳುವ ವಿದ್ಯಾರ್ಥಿಗೆ ಈ ವಿವರಗಳು ದೊರೆಯುವುದು ಅದೃಷ್ಟವಿದ್ದರೆ ಮಾತ್ರ. ಅಲ್ಲಿ ಕೇಳಿದ ಧಾಟಿಯನ್ನು ಸಂಪ್ರಬಂಧದಲ್ಲಿ ಹೇಗೆ ಉಲ್ಲೇಖಿಸಬೇಕೆಂಬುದನ್ನು ಕಲಿಸುವ ಕೆಲಸ ಇನ್ನೂ ಆಗಬೇಕಾಗಿದೆ.

ವಿದ್ಯಾರ್ಥಿಗಳು ಅಚ್ಚನ್ನು ತೊರೆದು ಅಂಕೀಯಕ್ಕೆ ಹೋಗಿಬಿಟ್ಟರೆಂಬ ದೂರು ಪೂರ್ತಿ ಸರಿಯಲ್ಲ. ಹುಡುಕುವುದು ತೆರೆಯ ಮೇಲೆ, ಅಭ್ಯಾಸ ಕಾಗದದ ಮೇಲೆ ಎಂಬುದು ಸಂಗೀತದಲ್ಲಿ ಸಾಮಾನ್ಯವಾಗಿ ಕಾಣುವ ರೀತಿ. ತಾಳ ಹಾಕುತ್ತಿರುವ ಕೈ ತೆರೆಯನ್ನು ಸರಿಸಲಾರದು. ಗಮಕವನ್ನು, ಉಸಿರಿನ ಎಡೆಯನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಲು ಕಾಗದವೇ ಬೇಕು. ಆದ್ದರಿಂದ ಅಂತರ್ಜಾಲದ ಪಾಠವೂ ಕಡೆಗೆ ಕೈಬರಹದ ಪುಸ್ತಕಕ್ಕೇ ಬಂದು ಸೇರುತ್ತದೆ. ಸಾಮಾನ್ಯವಾಗಿ ಅದೇ ಪಾಠ ಮುಂದಿನ ತಲೆಮಾರಿಗೂ ಹೋಗುತ್ತದೆ. ಪಾಠವನ್ನು ಶುದ್ಧಗೊಳಿಸುವ ಕೆಲಸ ಆ ಪುಸ್ತಕಕ್ಕೆ ಇಳಿಯುವ ಮುಂಚೆಯೇ ನಡೆಯಬೇಕು.

ಪ್ರತಿ ಮಾಡಿಕೊಳ್ಳುವುದರ ಕಾನೂನನ್ನು ಕುರಿತು ಅಂಜುವ ಕಾರಣ ವಿದ್ಯಾರ್ಥಿಗೆ ಹೆಚ್ಚಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪರಿಚ್ಛೇದ ವ್ಯಾಸಂಗಕ್ಕೂ ಸಂಶೋಧನೆಗೂ ವಿನಾಯಿತಿ ಕೊಟ್ಟಿದೆ. ಪಾಠಕ್ಕೆ ಬೇಕಾದ ಪುಟಗಳ ಪ್ರತಿ ತೆಗೆಯುವ ಬಗ್ಗೆ ದೆಹಲಿಯ ಉಚ್ಚ ನ್ಯಾಯಾಲಯ 2016ರಲ್ಲಿ ಉದಾರವಾದ ನಿಲುವನ್ನೇ ತಳೆಯಿತು. ದಾಸರ ಪದಗಳಿಗಂತೂ ಸ್ವಾಮ್ಯವಿಲ್ಲ. ಸ್ವರ ಕೂಡಿಸಿದವರಿಗೆ ಅವರ ಮರಣಾನಂತರ 60 ವರ್ಷ, ಧ್ವನಿಮುದ್ರಿಕೆಗೆ ಪ್ರಕಟಣೆಯಿಂದ 60 ವರ್ಷ ಹಕ್ಕು ಇರುತ್ತದೆ. ಹಳೆಯ ತಟ್ಟೆಗಳ ಬಹುಭಾಗ ಈ ಗಡಿಯನ್ನು ದಾಟಿದೆ.

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗವಿರುವೆಡೆ ಆ ವಿಭಾಗದ ಕಪಾಟಿನಲ್ಲಿ ದಾಸಸಾಹಿತ್ಯದ ಸಂಪುಟಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಕನ್ನಡ ಸಂಘಗಳ ಪುಸ್ತಕ ಭಂಡಾರಗಳಲ್ಲಿ ಹಳೆಯ ಆವೃತ್ತಿಗಳೂ ದೊರೆತಾವು. ಸಂಗೀತ ವಿಭಾಗದಲ್ಲಿ ಪ್ರತಿ ವರ್ಷ ಪಾಠಕ್ಕಿರುವ ದೇವರನಾಮಗಳು ಹತ್ತೋ ಹದಿನೈದೋ. ಅಷ್ಟು ಪದಗಳ ಪೂರ್ಣ ಪಾಠವನ್ನು ಎಲ್ಲ ಚರಣಗಳೊಡನೆ, ಕನ್ನಡದ ಜೊತೆಗೆ ಆಯಾ ಊರಿನ ಲಿಪಿಯಲ್ಲಿ, ಹ್ರಸ್ವದೀರ್ಘ ಅಲ್ಪಪ್ರಾಣ ಮಹಾಪ್ರಾಣಗಳ ಗುರುತಿನೊಡನೆ ಸಿದ್ಧಪಡಿಸುವುದು ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಒಂದು ಅರ್ಧವರ್ಷದ ಕೆಲಸ. ಸಂಪಾದನೆಯ ಪಾಠಕ್ಕೆ ಇದಕ್ಕಿಂತ ಜೀವಂತವಾದ ಅಭ್ಯಾಸ ಸಿಗುವುದು ಕಷ್ಟ.

ಹಿಂದೆ ಗ್ರಂಥಾಲಯಗಳಲ್ಲಿ ಮರದ ಪೆಟ್ಟಿಗೆಗಳಿದ್ದ ಕಾಲದಲ್ಲಿ 'ಇದನ್ನೂ ನೋಡಿ' ಎಂಬ ಸೂಚನೆಯುಳ್ಳ ಕಾರ್ಡುಗಳಿರುತ್ತಿದ್ದವು. ಪುರಂದರದಾಸರ ಹೆಸರನ್ನು ಸಂಗೀತದಲ್ಲಿ ತೆಗೆದವನನ್ನು ಅಂಥ ಒಂದು ಕಾರ್ಡು ಕನ್ನಡ ಸಾಹಿತ್ಯದ ಕಡೆಗೂ ಕಳಿಸಬಲ್ಲದಾಗಿತ್ತು. ಸೂಚಿಯನ್ನು ಗಣಕಕ್ಕೆ ಏರಿಸುವಾಗ ಪುಸ್ತಕಗಳ ಕಾರ್ಡುಗಳಷ್ಟನ್ನೇ ಏರಿಸಿ ಇಂಥ ಕಾರ್ಡುಗಳನ್ನು ಕೈಬಿಟ್ಟಿರುವ ಗ್ರಂಥಾಲಯಗಳು ಅವನ್ನು ಮತ್ತೆ ಸೇರಿಸಿಕೊಳ್ಳಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ವಿಠಲ ಶಬ್ದದ ಎಲ್ಲ ಬರಹಗಳನ್ನೂ ಒಂದೇ ದಾಖಲೆಯಡಿ ತರಲೂ ಇಲ್ಲ. ಯಾವ ಪದ ಯಾವ ಸಂಪುಟದಲ್ಲಿದೆ, ಯಾವ ಅಂಕಿತ ಯಾವ ದಾಸರದು ಎಂಬ ಪಟ್ಟಿಯನ್ನು ಗ್ರಂಥಪಾಲರಿಗೆ ಕೊಡಬೇಕಾದವರು ಕನ್ನಡದವರು.